ರಾಣಿಯ ರೂಪಾಯಿ ಮತ್ತು ಅವ್ವನ ಪುತಳಿ

ಮೂವತ್ತೈದು ವರ್ಷ ಇತಿಹಾಸ ಕಲಿಸಿದವನಿಗೆ ನಿವೃತ್ತಿಯ ಬಳಿಕವೂ ಬಿಡದೆ ಬೆನ್ನು ಹತ್ತುವ ಪ್ರಶ್ನೆಯೊಂದಿದೆ. ಮದುವೆಯ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ, ಔಷಧದ ಅಂಗಡಿಯ ಮುಂದೆ, ಎಲ್ಲಿಯಾದರೂ ಹಳೆಯ ವಿದ್ಯಾರ್ಥಿಯೊಬ್ಬ ಎದುರಾಗಿ ನಮಸ್ಕರಿಸಿ, ಕುಶಲ ಕೇಳಿ, ಸ್ವಲ್ಪ ಹತ್ತಿರ ಸರಿದು ದನಿ ತಗ್ಗಿಸುತ್ತಾನೆ: "ಸರ್, ನಮ್ಮ ಮನ್ಯಾಗ ಒಂದು ಹಳೇ ನಾಣ್ಯ ಐತ್ರಿ. ಫಾರಿನ್ನಿಂದು. ಇನ್ನೂರು ವರ್ಷ ಹಿಂದಿಂದು. ಎಷ್ಟು ಬರಬಹುದ್ರಿ?"

ನಾಣ್ಯ ಯಾವುದು, ಯಾರದು, ಹೇಗೆ ಮನೆಗೆ ಬಂತು ಎಂದು ಕೇಳುವವರು ಕಡಿಮೆ. ಬೆಲೆಯ ಪ್ರಶ್ನೆಯೇ ಮೊದಲು. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಉತ್ತರ ಕೊಡುವ ಮೊದಲು ನಮ್ಮ ಮನೆಯದೇ ಒಂದು ತಗಡಿನ ಡಬ್ಬಿಯ ಕಥೆಯನ್ನು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬಂಧುಗಳಲ್ಲಿ ಕೆಲವರಿಗೆ ಈ ಕಥೆಯ ಅರ್ಧ ಗೊತ್ತು. ಉಳಿದರ್ಧ ನನಗೂ ಈಚೆಗಷ್ಟೇ ತಿಳಿಯಿತು.

ನಮ್ಮ ಕಾಕಾ ಮುಂಬಯಿಯ ಬಂದರಿನಲ್ಲಿ ಹಡಗಿನ ಕಂಪನಿಯೊಂದರ ಗುಮಾಸ್ತರಾಗಿದ್ದರು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಕಡೆಯ ಓದಿದ ಹುಡುಗರು ನೌಕರಿಗೆಂದು ಮುಂಬಯಿಗೆ ಹೋಗುವುದು ವಾಡಿಕೆ. ಕಾಕಾ 1938ರಲ್ಲಿ ಹೋದವರು, 1961ರಲ್ಲಿ ಊರಿಗೆ ಮರಳಿದರು. ಮದುವೆಯಾಗಿರಲಿಲ್ಲ. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಕೊಡೆ, ಬಿಸ್ಕತ್ತಿನ ಒಂದು ತಗಡಿನ ಡಬ್ಬಿ. ಆ ಡಬ್ಬಿಯಲ್ಲಿ ನಾವಿಕರಿಂದಲೂ ವ್ಯಾಪಾರಿಗಳಿಂದಲೂ ಅವರ ಕೈಗೆ ಬಂದ ಪರದೇಶದ ನಾಣ್ಯಗಳಿದ್ದವು. ಒಟ್ಟು ಹತ್ತೊಂಬತ್ತು. ಅವುಗಳಲ್ಲಿ ಎಲ್ಲರ ಕಣ್ಣು ಬಿದ್ದದ್ದು ಅಂಗೈ ತುಂಬುವಷ್ಟು ದೊಡ್ಡದಾದ ಒಂದು ಬೆಳ್ಳಿ ನಾಣ್ಯದ ಮೇಲೆ. ಒಂದು ಬದಿಯಲ್ಲಿ ತಲೆಗೆ ಮುಸುಕು ಹೊದ್ದ ತುಂಬುಮೈಯ ಹೆಂಗಸು. ಇನ್ನೊಂದು ಬದಿಯಲ್ಲಿ ಎರಡು ತಲೆಯ ಹದ್ದು, ಅಂಚಿನಲ್ಲಿ 1780 ಎಂಬ ಇಸವಿ. ಮನೆಯಲ್ಲಿ ಅದಕ್ಕೆ "ರಾಣಿ ರೂಪಾಯಿ" ಎಂದು ಹೆಸರಾಯಿತು. ಎರಡು ತಲೆಯ ಹದ್ದನ್ನು ಅವ್ವ ಗಂಡಭೇರುಂಡವೆಂದೇ ಭಾವಿಸಿ ದಸರೆಯ ಪೂಜೆಗೆ ಇಡುತ್ತಿದ್ದಳು.

ಕಾಕಾ 1969ರಲ್ಲಿ ತೀರಿಕೊಂಡರು. ಮಾಸಿಕ ಮುಗಿಯುವ ಮೊದಲೇ ಡಬ್ಬಿಯ ಮಾತು ಬಂತು. ಸುಮಾರು ಇನ್ನೂರು ವರ್ಷದ ನಾಣ್ಯ, ಮುಂಬಯಿಯಲ್ಲಿ ಇದಕ್ಕೆ ಲಕ್ಷ ರೂಪಾಯಿ ಕೊಡುವವರಿದ್ದಾರೆ ಎಂದು ಯಾರೋ ದೊಡ್ಡಪ್ಪನ ಕಿವಿಯಲ್ಲಿ ಹೇಳಿದ್ದರು. ಕೊನೆಯ ಎಂಟು ವರ್ಷ ತಮ್ಮನನ್ನು ನೋಡಿಕೊಂಡವನು ತಾನು ಎಂದು ನಮ್ಮ ಅಪ್ಪ. ಮನೆಯ ಹಿರಿಯ ತಾನು ಎಂದು ದೊಡ್ಡಪ್ಪ. ಕೊನೆಗೆ ದೊಡ್ಡಪ್ಪ ರಾಣಿ ರೂಪಾಯಿಯನ್ನು ತೆಗೆದುಕೊಂಡು ಹೊರಟುಹೋದರು; ಉಳಿದ ಹದಿನೆಂಟರೊಡನೆ ಡಬ್ಬಿ ನಮ್ಮಲ್ಲಿ ಉಳಿಯಿತು. ಅಣ್ಣ ತಮ್ಮಂದಿರು ಹನ್ನೊಂದು ವರ್ಷ ಮಾತನಾಡಲಿಲ್ಲ. 1976ರಲ್ಲಿ ನನ್ನ ತಂಗಿಯ ಮದುವೆಗೆ ದೊಡ್ಡಪ್ಪ ಬರಲಿಲ್ಲ. 1980ರಲ್ಲಿ ಅವರು ತೀರಿಕೊಂಡಾಗ ಅಪ್ಪ ಓಡಿ ಹೋದರು. ಆದರೆ ಮಾತನಾಡುವ ಕಾಲ ಮುಗಿದಿತ್ತು.

ಕೆಲವು ವರ್ಷಗಳ ಹಿಂದೆ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ಹಿರಿಯ, ಕರವಸ್ತ್ರದಲ್ಲಿ ಆ ನಾಣ್ಯವನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದ. "ತಮ್ಮಾ, ನೀ ಇತಿಹಾಸದ ಮಾಸ್ತರ. ಇದರ ಕಿಮ್ಮತ್ತು ಎಷ್ಟು ಅಂತ ನೋಡಿ ಹೇಳು. ಅರ್ಧಾ ಅರ್ಧಾ ಮಾಡಿಕೊಳ್ಳೋಣು. ಇನ್ನs ನಮ್ಮ ಮಕ್ಕಳಿಗೆ ಈ ಜಗಳ ಬ್ಯಾಡ" ಎಂದ. ಮೂವತ್ತೈದು ವರ್ಷ ಫ್ರೆಂಚ್ ಕ್ರಾಂತಿಯನ್ನೂ ವಿಯೆನ್ನಾ ಸಮ್ಮೇಳನವನ್ನೂ ಪಾಠ ಮಾಡಿದ ನನಗೆ ಆ ನಾಣ್ಯದ ಮೇಲಿನ ಒಂದಕ್ಷರವನ್ನೂ ಓದಲು ಬರುತ್ತಿರಲಿಲ್ಲ. ಅಂದಿನಿಂದ ನನ್ನ ವಿದ್ಯಾಭ್ಯಾಸ ಆರಂಭವಾಯಿತು.

ಹಳೆಯ ಯುರೋಪಿನ ನಾಣ್ಯವನ್ನು ಓದುವುದು ಕಾಣುವಷ್ಟು ಕಷ್ಟವಲ್ಲ. ಬರಹ ಬಹುಮಟ್ಟಿಗೆ ಲ್ಯಾಟಿನ್. ಅದೂ ಮೊಟಕುಗೊಳಿಸಿದ ಲ್ಯಾಟಿನ್. 'ಯು' ಅಕ್ಷರದ ಬದಲು ಅನೇಕ ವೇಳೆ 'ವಿ' ಇರುತ್ತದೆ. 'ಡಿ. ಜಿ.' ಎಂದರೆ ದೇವರ ಕೃಪೆಯಿಂದ, 'ಇಂಪ್.' ಎಂದರೆ ಚಕ್ರವರ್ತಿ ಅಥವಾ ಚಕ್ರವರ್ತಿನಿ. 'ರೆಕ್ಸ್' ದೊರೆ, 'ರೆಜಿನಾ' ರಾಣಿ. ದೇಶದ ಹೆಸರು ನಾವು ಭೂಪಟದಲ್ಲಿ ಕಲಿತಂತೆ ಇರುವುದಿಲ್ಲ: 'ಹೆಲ್ವೆಟಿಯಾ' ಎಂದಿದ್ದರೆ ಸ್ವಿಟ್ಜರ್ಲೆಂಡ್, 'ಸುವೊಮಿ' ಎಂದಿದ್ದರೆ ಫಿನ್ಲೆಂಡ್, 'ಮಗ್ಯಾರ್' ಎಂದಿದ್ದರೆ ಹಂಗೇರಿ. ಬರಹದ ಬಳಿಕ ಲೋಹ, ತೂಕ, ಅಡ್ಡಳತೆ, ಅಂಚು, ಇವಿಷ್ಟನ್ನು ಬರೆದಿಟ್ಟುಕೊಂಡರೆ ಗುರುತಿಸುವ ಕೆಲಸ ಮುಕ್ಕಾಲು ಮುಗಿದಂತೆ.

ನಮ್ಮ ರಾಣಿಯ ಸುತ್ತ ಇದ್ದ ಬರಹದ ಅರ್ಥ ಹೀಗೆ: ಮಾರಿಯಾ ತೆರೇಸಾ, ದೇವರ ಕೃಪೆಯಿಂದ ರೋಮನ್ನರ ಚಕ್ರವರ್ತಿನಿ, ಹಂಗೇರಿ ಮತ್ತು ಬೊಹೀಮಿಯಾಗಳ ರಾಣಿ. ಹಿಂಬದಿಯಲ್ಲಿ: ಆಸ್ಟ್ರಿಯಾದ ಆರ್ಚ್‌ಡಚೆಸ್, ಬರ್ಗಂಡಿಯ ಡಚೆಸ್, ಟಿರೋಲಿನ ಕೌಂಟೆಸ್. 1740ರಿಂದ 1780ರ ವರೆಗೆ ಆಳಿದ ಹ್ಯಾಬ್ಸ್‌ಬರ್ಗ್ ವಂಶದ ಮಹಾರಾಣಿ ಈಕೆ. ಫ್ರಾನ್ಸಿನ ಕ್ರಾಂತಿಯಲ್ಲಿ ತಲೆ ಕಳೆದುಕೊಂಡ ಮರಿ ಆಂತ್ವಾನೆತ್ ಈಕೆಯ ಮಗಳು. ತಲೆಯ ಮೇಲಿರುವುದು ವಿಧವೆಯ ಮುಸುಕು. ಪತಿ 1765ರಲ್ಲಿ ತೀರಿಕೊಂಡ ಬಳಿಕ ನಾಣ್ಯಗಳಲ್ಲಿ ಆಕೆ ಹಾಗೆ ಕಾಣಿಸಿಕೊಳ್ಳುತ್ತಾಳೆ. ನಾಣ್ಯದ ಹೆಸರು ಥಾಲರ್. ಬೊಹೀಮಿಯಾದ ಯೋಆಖಿಮ್‌ಸ್ಥಾಲ್ ಎಂಬ ಕಣಿವೆಯ ಬೆಳ್ಳಿಯಿಂದ ಹದಿನಾರನೆಯ ಶತಮಾನದ ಮೊದಲ ದಶಕಗಳಲ್ಲಿ ಟಂಕಿಸಿದ ನಾಣ್ಯಗಳಿಂದ ಬಂದ ಹೆಸರು ಅದು. ಅಮೆರಿಕದ ಡಾಲರ್ ಎಂಬ ಶಬ್ದವೂ ಅದೇ ಕಣಿವೆಯಲ್ಲಿ ಹುಟ್ಟಿದ್ದು.

ಇಲ್ಲಿಯ ವರೆಗೆ ಓದಿದಾಗ ನನ್ನ ಎದೆಯೂ ಸ್ವಲ್ಪ ಹಾರಿತು. ಮಹಾರಾಣಿ 1780ರ ನವೆಂಬರ್ 29ರಂದು ಮರಣಿಸಿದಳು; ನಾಣ್ಯದ ಮೇಲೆ 1780. ಹಾಗಾದರೆ ಆಕೆಯ ಕೊನೆಯ ವರ್ಷದ ನಾಣ್ಯವಲ್ಲವೇ? ಲಕ್ಷದ ಮಾತು ನಿಜವೇ ಇರಬಹುದಲ್ಲವೇ?

ಮುಂದಿನ ಪುಟದಲ್ಲಿ ಉತ್ತರವಿತ್ತು. ಕೆಂಪು ಸಮುದ್ರದ ಎರಡೂ ದಂಡೆಗಳಲ್ಲಿ, ಯೆಮೆನ್, ಹಿಜಾಜ್, ಇಥಿಯೋಪಿಯಾ, ಸೂಡಾನ್‌ಗಳಲ್ಲಿ ಜನರಿಗೆ ಈ ನಾಣ್ಯದ ಮೇಲೆ ಅಪಾರ ನಂಬಿಕೆ ಬೆಳೆದಿತ್ತು. ಕಾಫಿ, ಚರ್ಮ, ದಂತ, ಎಲ್ಲಕ್ಕೂ ಇದೇ ಬೇಕು. ರಾಣಿ ಸತ್ತಳೆಂದು ಬೇರೆ ದೊರೆಯ ಮುಖ ತೋರಿಸಿದರೆ ಮುಟ್ಟುವವರಿಲ್ಲ. ಆದ್ದರಿಂದ ಆಸ್ಟ್ರಿಯಾದವರು ಇಸವಿಯನ್ನೇ ನಿಲ್ಲಿಸಿಬಿಟ್ಟರು. ಆಕೆಯ ಮರಣದ ನಂತರವೂ ಅದೇ ಮುಖ, ಅದೇ ಹದ್ದು, ಅದೇ 1780. ಸ್ವಂತ ದೇಶದಲ್ಲಿ 1858ರಲ್ಲಿ ಚಲಾವಣೆ ಮುಗಿದರೂ ವ್ಯಾಪಾರಕ್ಕಾಗಿ ಟಂಕಿಸುವುದು ನಿಲ್ಲಲಿಲ್ಲ. ವಿಯೆನ್ನಾದ ಟಂಕಸಾಲೆ ಇಂದಿಗೂ ಅದನ್ನು ಹೊಡೆಯುತ್ತದೆ. ಇದುವರೆಗೆ ಸುಮಾರು ನಲವತ್ತು ಕೋಟಿ ಹೊರಬಂದಿವೆಯೆಂಬ ಅಂದಾಜಿದೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಇಥಿಯೋಪಿಯಾದ ಮೇಲೆ ಕಣ್ಣಿಟ್ಟಿದ್ದ ಮುಸ್ಸೊಲಿನಿ 1935ರಲ್ಲಿ ಆಸ್ಟ್ರಿಯಾದಿಂದ ಈ ನಾಣ್ಯದ ಅಚ್ಚುಗಳನ್ನೂ ಹಕ್ಕನ್ನೂ ಪಡೆದು ರೋಮ್‌ನಲ್ಲಿ ಟಂಕಿಸಲು ಆರಂಭಿಸಿದ. ಕೆಂಪು ಸಮುದ್ರದ ವ್ಯಾಪಾರಕ್ಕೆ ಇದೇ ನಾಣ್ಯ ಬೇಕಾಗಿದ್ದ ಬ್ರಿಟಿಷರು 1936ರಲ್ಲಿ ಲಂಡನ್ನಿನಲ್ಲಿ ತಾವೂ ಹೊಡೆಯತೊಡಗಿದರು. ಪ್ಯಾರಿಸ್, ಬ್ರಸೆಲ್ಸ್‌ಗಳೂ ಸೇರಿಕೊಂಡವು. ಯುದ್ಧ ಬಂದು, ಇಟಲಿಯವರನ್ನು ಇಥಿಯೋಪಿಯಾದಿಂದ ಹೊರಗಟ್ಟುವ ಸೇನಾ ಕಾರ್ಯಕ್ಕೆ ಬೆಳ್ಳಿಯ ನಾಣ್ಯಗಳು ಬೇಕಾದಾಗ ಬ್ರಿಟಿಷ್ ಸರ್ಕಾರ 1940–41ರಲ್ಲಿ ಮತ್ತೊಂದು ಟಂಕಸಾಲೆಯಲ್ಲಿ ಈ ಕೆಲಸ ಮಾಡಿಸಿತು. ಅದು ಮುಂಬಯಿಯ ಟಂಕಸಾಲೆ! ಅಲ್ಲಿ ಮುದ್ರಿತವಾದವು ಒಂದೂಮುಕ್ಕಾಲು ಕೋಟಿಗೂ ಹೆಚ್ಚು. ಕಾಕಾ ಆಗ ಅದೇ ಊರಿನ ಬಂದರಿನಲ್ಲಿದ್ದರು.

ನಮ್ಮ ಪತ್ತಾರರ ಅಂಗಡಿಯಲ್ಲಿ ನಾಣ್ಯವನ್ನು ತೂಗಿಸಿದೆವು: 28 ಗ್ರಾಂಗೆ ಗುಂಜಿಯಷ್ಟು ಕಡಿಮೆ. ಸರಿಯಾದ ತೂಕ 28.07 ಗ್ರಾಂ. ಸವೆತ ಬಹಳ ಕಡಿಮೆ ಎಂದಾಯಿತು. ಶಾಲೆಯಲ್ಲಿ ಓದಿದ ಆರ್ಕಿಮಿಡೀಸನ ಪ್ರಯೋಗವನ್ನೂ ಮಾಡಿದೆ. ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿದಾಗ ಸುಮಾರು ಎರಡೂಮುಕ್ಕಾಲು ಗ್ರಾಂ ಕಡಿಮೆ ತೋರಿಸಿತು. ಅಂದರೆ ಸಾಂದ್ರತೆ ಹತ್ತಕ್ಕಿಂತ ತುಸು ಹೆಚ್ಚು. ಆರರಲ್ಲಿ ಐದು ಪಾಲು ಬೆಳ್ಳಿ, ಒಂದು ಪಾಲು ತಾಮ್ರವಿರುವ ಲೋಹಕ್ಕೆ ತಕ್ಕದ್ದು. ಅಂಚಿನಲ್ಲಿ 'ನ್ಯಾಯ ಮತ್ತು ದಯೆ' ಎಂಬರ್ಥದ ಲ್ಯಾಟಿನ್ ಅಕ್ಷರಗಳು ಉಬ್ಬಿಕೊಂಡಿದ್ದವು. ನಕಲಿಯಲ್ಲ, ಸಂಶಯವಿಲ್ಲ. ಆದರೆ ಭುಜದ ಪದಕದ ಆಕಾರ, ಅದರ ಸುತ್ತಲಿನ ಮುತ್ತುಗಳು, ಹದ್ದಿನ ಬಾಲದ ಗರಿಗಳ ಜೋಡಣೆ, ಇವನ್ನು ಪರಿಣತರು ಪ್ರಕಟಿಸಿದ ಚಿತ್ರಗಳೊಡನೆ ಭೂತಗನ್ನಡಿ ಹಿಡಿದು ಹೋಲಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ಈ ರಾಣಿ ಹದಿನೆಂಟನೆಯ ಶತಮಾನದವಳಲ್ಲ, ಇಪ್ಪತ್ತನೆಯದರವಳು. ಕಾಕಾ ಮುಂಬಯಿಯಲ್ಲಿದ್ದ ಕಾಲವನ್ನು ನೆನೆದರೆ ಬೋರಿಬಂದರಿನ ಸಮೀಪದ ಆ ಟಂಕಸಾಲೆಯಲ್ಲಿಯೇ ಹುಟ್ಟಿದವಳೆಂದು ನನ್ನ ಊಹೆ.

ಇನ್ನು ಬೆಲೆ. ನಾಣ್ಯದಲ್ಲಿರುವ ಶುದ್ಧ ಬೆಳ್ಳಿ 23.39 ಗ್ರಾಂ. ಕೋಟಿಗಟ್ಟಲೆ ಇರುವ ವಸ್ತುವಾದ್ದರಿಂದ ಅದರ ಬೆಲೆ ಅಂದಿನ ಬೆಳ್ಳಿಯ ದರಕ್ಕಿಂತ ತುಸು ಹೆಚ್ಚು, ಅಷ್ಟೇ. ನಮ್ಮ ಹಳೆಯ ಲೆಕ್ಕದಲ್ಲಿ ತೊಲೆ ಎಂದರೆ 11.66 ಗ್ರಾಂ. ಭಾಗಿಸಿ ನೋಡಿದೆ: ಸರಿಯಾಗಿ ಎರಡು ತೊಲೆ. ಅಣ್ಣನಿಗೊಂದು ತೊಲೆ, ತಮ್ಮನಿಗೊಂದು ತೊಲೆ. ಹನ್ನೊಂದು ವರ್ಷದ ಮೌನಕ್ಕೆ ತಲಾ ಒಂದು ತೊಲೆ ಬೆಳ್ಳಿ! ಲೆಕ್ಕದ ಚೀಟಿಯನ್ನು ಅಣ್ಣನ ಮುಂದಿಟ್ಟೆ. ಅವನು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದ.

ಡಬ್ಬಿಯಲ್ಲಿ ಉಳಿದವನ್ನೂ ಆಗಲೇ ಹರಡಿ ನೋಡಿದೆವು. ಎಲ್ಲವನ್ನೂ ವರ್ಣಿಸಿ ನಿಮ್ಮ ತಾಳ್ಮೆ ಕೆಡಿಸುವುದಿಲ್ಲ. ಎರಡರ ಮಾತನ್ನಷ್ಟೇ ಹೇಳುತ್ತೇನೆ.

ಒಂದು, ಗಾಳಿಗೆ ಹಾರುವಷ್ಟು ಹಗುರಾದ ಅಲ್ಯುಮಿನಿಯಂ ನಾಣ್ಯ. ತೂಕ ಒಂದೇ ಗ್ರಾಂ. ಅದರ ಮೇಲೆ 200 ಮಾರ್ಕ್, 1923 ಎಂದಿದೆ. ಜರ್ಮನಿಯ ಮಹಾ ಹಣದುಬ್ಬರದ ವರ್ಷವದು. ಆ ನವೆಂಬರಿನಲ್ಲಿ ಅಮೆರಿಕದ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಾಗಿತ್ತು. ಡಬ್ಬಿಯಲ್ಲಿದ್ದ ನಾಣ್ಯಗಳಲ್ಲೆಲ್ಲ ಅತಿ ದೊಡ್ಡ ಅಂಕೆ ಇದರದು, ಅತಿ ಕಡಿಮೆ ಬಾಳಿದ್ದೂ ಇದೇ. ಕೆಳಗಿರುವ ಸಣ್ಣ 'ಎ' ಅಕ್ಷರ ಬರ್ಲಿನ್ ಟಂಕಸಾಲೆಯ ಗುರುತು. 'ಡಿ' ಇದ್ದರೆ ಮ್ಯೂನಿಕ್, 'ಜೆ' ಇದ್ದರೆ ಹ್ಯಾಂಬುರ್ಗ್. ಇಂಥ ಒಂದಕ್ಷರದಿಂದ ಎಷ್ಟೋ ನಾಣ್ಯಗಳ ಬೆಲೆ ಹತ್ತುಪಟ್ಟು ವ್ಯತ್ಯಾಸವಾಗುವುದುಂಟು. ಆದ್ದರಿಂದ ಸಣ್ಣ ಅಕ್ಷರಗಳನ್ನು ಅಲಕ್ಷಿಸಬಾರದು.

ಇನ್ನೊಂದು, ತಾಮ್ರದ ಡಚ್ ಡೂಟ್. ಒಂದು ಬದಿಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಮೂರಕ್ಷರಗಳು ಒಂದರ ಮೇಲೊಂದು ಹೆಣೆದಿವೆ, ಇನ್ನೊಂದು ಬದಿಯಲ್ಲಿ ಜೀಲಂಡ್ ಪ್ರಾಂತದ ಲಾಂಛನ. 1726ರಿಂದ ಹಡಗುಗಟ್ಟಲೆ ಪೂರ್ವದೇಶಗಳಿಗೆ ಬಂದ ಸಾಮಾನ್ಯ ನಾಣ್ಯ. 'ದುಡ್ಡು' ಎಂಬ ನಮ್ಮ ಮಾತು ಈ ಡೂಟ್‌ನಿಂದ ಬಂದದ್ದೆಂದು ಹೇಳಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಧ್ವನಿಯ ಹೋಲಿಕೆಯೊಂದೇ ಸಾಕ್ಷಿಯಾಗದು ಎಂದು ನಿಮಗೆ ಕಲಿಸಿದವನು ನಾನು, ಆ ತಪ್ಪು ಮಾಡಲಾರೆ. ಮಾಡಿದ ತಪ್ಪು ಬೇರೆ. ಕಾಲೇಜಿನ ದಿನಗಳಲ್ಲಿ ಈ ನಾಣ್ಯ ಕಪ್ಪಾಗಿದೆಯೆಂದು ಹುಣಸೆಹಣ್ಣು, ಬೂದಿ ಹಚ್ಚಿ ತಂಬಿಗೆಯಂತೆ ತಿಕ್ಕಿ ಫಳಫಳ ಹೊಳೆಯಿಸಿದ್ದೆ. ಇಸವಿಯ ಕೊನೆಯ ಅಂಕಿ ಅಂದೇ ಅಳಿಸಿಹೋಯಿತು. ಶತಮಾನಗಳಲ್ಲಿ ಲೋಹದ ಮೇಲೆ ಕಟ್ಟಿದ ಕಂದುಬಣ್ಣದ ಪದರವೇ ಅದರ ಚರ್ಮ. ಅದನ್ನು ಸುಲಿದ ಮೇಲೆ ಯಾವ ಸಂಗ್ರಾಹಕನೂ ಕೊಳ್ಳುವುದಿಲ್ಲ. ದಯವಿಟ್ಟು ಹಳೆಯ ನಾಣ್ಯವನ್ನು ತೊಳೆಯಬೇಡಿ, ತಿಕ್ಕಬೇಡಿ.

ಇಷ್ಟರಲ್ಲಿ ತಂಗಿ, ಅಂದು ಮನೆಯಲ್ಲಿದ್ದವಳು, ಒಳಗಿನಿಂದ ಬಂದು, "ಅಣ್ಣಾ, ಅವ್ವನ ಪುತಳೀನೂ ಪರದೇಶದ್ದು ಅಂತಾರಲ್ಲ, ಅದನ್ನೂ ನೋಡು" ಎಂದು ಕೊರಳ ದಾರದಿಂದ ಬಿಚ್ಚಿ ಕೊಟ್ಟಳು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಪುತಳಿ ಸರ ಗೊತ್ತಿಲ್ಲದವರಿಲ್ಲ. ತೆಳುವಾದ ಚಿನ್ನದ ಬಿಲ್ಲೆಗಳು, ಮೇಲೆ ಗೊಂಬೆಯಂಥ ಎರಡು ಆಕೃತಿಗಳು, ಆದ್ದರಿಂದಲೇ ಪುತಳಿ. ಅಜ್ಜಿಯಿಂದ ಅವ್ವನಿಗೆ ಬಂದ ಸರದಲ್ಲಿ ಹದಿನೇಳು ಬಿಲ್ಲೆಗಳಿದ್ದವು. ತಂಗಿಯ ಮದುವೆಗೆ ಹೊಸ ಮಾದರಿಯ ಒಡವೆ ಬೇಕೆಂದು 1976ರಲ್ಲಿ ಹದಿನಾರನ್ನು ಕರಗಿಸಲಾಯಿತು. ಒಂದನ್ನು ಮಾತ್ರ ಅವ್ವ ಕುಂಕುಮದ ಭರಣಿಯಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ಭೂತಗನ್ನಡಿ ಇಟ್ಟೆ. ಎಡಗಡೆ ನಿಂತಿರುವವನು ಸಂತ ಮಾರ್ಕ. ಎದುರಿಗೆ ಮಂಡಿಯೂರಿ ಧ್ವಜವನ್ನು ಸ್ವೀಕರಿಸುತ್ತಿರುವವನು ವೆನಿಸ್ ಗಣರಾಜ್ಯದ ಮುಖ್ಯಸ್ಥನಾದ ಡೋಜ್. ಹಿಂಬದಿಯಲ್ಲಿ ನಕ್ಷತ್ರಗಳ ನಡುವೆ ಯೇಸು ಕ್ರಿಸ್ತ. ಇದು ವೆನಿಸ್ಸಿನ ಡುಕಾಟ್, ಮುಂದೆ ಜೆಕ್ಕಿನೋ ಎಂದು ಹೆಸರಾದ ಚಿನ್ನದ ನಾಣ್ಯ. 1284ರಲ್ಲಿ ಮೊದಲು ಟಂಕಿಸಿದ್ದು. ಮೂರೂವರೆ ಗ್ರಾಂ ತೂಕ, ಬಹುತೇಕ ಅಪ್ಪಟ ಚಿನ್ನ. 1797ರಲ್ಲಿ ನೆಪೋಲಿಯನ್ ಆ ಗಣರಾಜ್ಯವನ್ನು ಕೊನೆಗಾಣಿಸುವವರೆಗೆ, ಐನೂರು ವರ್ಷ, ಚಿತ್ರವೂ ತೂಕವೂ ಚಿನ್ನದ ಶುದ್ಧಿಯೂ ಹೆಚ್ಚುಕಡಿಮೆ ಬದಲಾಗಲಿಲ್ಲ. ಮೆಣಸು ಕೊಳ್ಳಲು ಅರಬ್ಬಿ ವ್ಯಾಪಾರಿಗಳ ಕೈಯಿಂದ ಕೈಗೆ ದಾಟಿ ಕೆಂಪು ಸಮುದ್ರದ ಮಾರ್ಗವಾಗಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ವಿಜಯನಗರದ ವರಾಹದ ತೂಕವೂ ಸುಮಾರು 3.4 ಗ್ರಾಂ ಆಗಿದ್ದುದರಿಂದ ನಮ್ಮ ವ್ಯಾಪಾರಿಗಳಿಗೆ ಇದರ ಲೆಕ್ಕ ಸುಲಭವಾಗಿತ್ತು. ಜೆಕ್ಕಿನೋ ಎಂಬ ಹೆಸರು ವೆನಿಸ್ಸಿನ 'ಜೆಕ್ಕಾ' ಎಂಬ ಟಂಕಸಾಲೆಯದು. ಜೆಕ್ಕಾ ಅರಬ್ಬಿಯ 'ಸಿಕ್ಕಾ', ಅಂದರೆ ಅಚ್ಚು. ಕಚೇರಿಯ ಕಾಗದಕ್ಕೆ "ಸಹಿ ಶಿಕ್ಕಾ" ಬೇಕು ಎನ್ನುವಾಗ ನಾವು ಆಡುವುದೂ ಅದೇ ಮಾತು.

ನಮ್ಮ ಅಕ್ಕಸಾಲಿಗರು ಈ ನಾಣ್ಯವನ್ನು ನೋಡಿ ಸರಕ್ಕಾಗಿ ತಾವೂ ಅಚ್ಚು ಹಾಕುತ್ತಿದ್ದರು. ಹಾಗಾಗಿ ಎಲ್ಲ ಪುತಳಿಯೂ ವೆನಿಸ್ಸಿನದಲ್ಲ. ಗುರುತು ಅಕ್ಷರಗಳಲ್ಲಿದೆ. ಇಲ್ಲಿಯ ಅನುಕರಣೆಗಳಲ್ಲಿ ಅಕ್ಷರಗಳು ಅರ್ಥವಿಲ್ಲದ ಗೀಟುಗಳಾಗಿರುತ್ತವೆ. ಅಸಲಿನಲ್ಲಿ ಡೋಜ್‌ನ ಹೆಸರನ್ನು ಓದಬಹುದು. ನಾಣ್ಯದ ಮೇಲೆ ಇಸವಿ ಇರುವುದಿಲ್ಲವಾದ್ದರಿಂದ ಆ ಹೆಸರೇ ಅದರ ಪಂಚಾಂಗ. ಅವ್ವನ ಪುತಳಿಯ ಮೇಲೆ 'ಅಲೊಯ್ ಮೊಚೆನಿ' ಎಂದು ಸ್ಪಷ್ಟವಾಗಿತ್ತು: ಅಲ್ವೀಸೆ ಮೊಚೆನೀಗೊ. ಆ ಹೆಸರಿನ ಡೋಜ್‌ಗಳು ನಾಲ್ವರು. ಚಿತ್ರದ ರೀತಿ, ಅಕ್ಷರದ ಆಕಾರಗಳನ್ನು ಹೋಲಿಸಿದರೆ ಇದು 1763ರಿಂದ 1778ರ ವರೆಗೆ ಆಳಿದ ನಾಲ್ಕನೆಯವನದೆಂದು ತೋರುತ್ತದೆ. ಮಾರಿಯಾ ತೆರೇಸಾ ನಿಜವಾಗಿ ಬದುಕಿದ್ದ ಕಾಲದ ನಾಣ್ಯ ನಮ್ಮ ಮನೆಯಲ್ಲಿ ಒಂದಿತ್ತು. ಅದು ಕರವಸ್ತ್ರದಲ್ಲಿ ಕಟ್ಟಿ ತಂದದ್ದಲ್ಲ, ತಂಗಿಯ ಕೊರಳಲ್ಲಿದ್ದದ್ದು.

ಅಣ್ಣ ತಮ್ಮಂದಿರು ಬೆಳ್ಳಿಗಾಗಿ ಮುಖ ತಿರುಗಿಸಿಕೊಂಡಿದ್ದ ದಿನಗಳಲ್ಲೇ ಹದಿನಾರು ಬಿಲ್ಲೆಗಳು ಮೂಸೆಯಲ್ಲಿ ಕರಗಿದವು. ಅವುಗಳಲ್ಲಿ ಎಷ್ಟು ವೆನಿಸ್ಸಿನವು, ಎಷ್ಟು ಇಲ್ಲಿಯವು, ಯಾವ ಯಾವ ಡೋಜ್‌ಗಳ ಹೆಸರಿತ್ತು, ಇನ್ನು ಯಾರೂ ಹೇಳಲಾರರು. ಕರಗಿಸುವ ದಿನ ಪತ್ತಾರರ ಅಂಗಡಿಯಲ್ಲಿ ನಾನೇ ಕುಳಿತಿದ್ದೆ. ಆಗಲೇ ಇತಿಹಾಸದ ಶಿಕ್ಷಕನಾಗಿ ನಾಲ್ಕು ವರ್ಷವಾಗಿತ್ತು. ತೂಕ ಸರಿಯಿದೆಯೇ ಎಂದು ನೋಡಿದೆನೇ ಹೊರತು, ಅಕ್ಷರಗಳಿವೆಯೇ ಎಂದು ನೋಡಲಿಲ್ಲ.

ನಿಮ್ಮ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ. ನಾಣ್ಯದ ಬೆಲೆ ಅದರ ವಯಸ್ಸಿನಿಂದ ನಿರ್ಧಾರವಾಗುವುದಿಲ್ಲ. ಅಸಲಿಯೇ, ಎಷ್ಟು ಸವೆದಿದೆ, ಲೋಕದಲ್ಲಿ ಅಂಥವು ಎಷ್ಟಿವೆ, ಬೇಕೆನ್ನುವವರು ಎಷ್ಟಿದ್ದಾರೆ, ಈ ನಾಲ್ಕರಿಂದ ನಿರ್ಧಾರವಾಗುತ್ತದೆ. ಚಿನ್ನ ಬೆಳ್ಳಿಯಾದರೆ ಲೋಹದ ಬೆಲೆ ಅದರ ನೆಲಗಟ್ಟು. ಅದಕ್ಕಿಂತ ಕೆಳಗೆ ಯಾರಿಗೂ ಕೊಡಬೇಡಿ. ಮಾರುವವನು ಹೇಳುವ ಬೆಲೆಯನ್ನು ನಂಬಬೇಡಿ, ಹರಾಜಿನಲ್ಲಿ ಕೊಂಡವನು ಕೊಟ್ಟ ಬೆಲೆಯನ್ನು ನೋಡಿ. ಕೊಂಡಿ ಬೆಸೆದ ನಾಣ್ಯಕ್ಕೆ, ತೂತು ಕೊರೆದದ್ದಕ್ಕೆ ಸಂಗ್ರಾಹಕರು ಕಡಿಮೆ ಕೊಡುತ್ತಾರೆ. ಅವ್ವನ ಪುತಳಿಗೂ ಕೊಂಡಿಯಿದೆ. ನೂರು ವರ್ಷ ಮೀರಿದ ನಾಣ್ಯವನ್ನು 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ಹೊಲದಲ್ಲಿ ನಿಧಿ ದೊರೆತರೆ ಸರ್ಕಾರಕ್ಕೆ ತಿಳಿಸಲೇಬೇಕು.

ಅದಕ್ಕೆ ಕಾರಣವೂ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ತಿಬೇರಿಯಸರ ಬೆಳ್ಳಿಯ ನಾಣ್ಯಗಳು ದೊರೆತಿವೆ. ಅಂಥವು ಪೇಟೆಯಲ್ಲಿ ಎಷ್ಟೋ ಸಿಗುತ್ತವೆ. ಆದರೆ ಚಂದ್ರವಳ್ಳಿಯ ಮಣ್ಣಿನ ಪದರದಲ್ಲಿ ಸಿಕ್ಕಿದ್ದರಿಂದ ಅವು ಶಾತವಾಹನರ ಕಾಲದ ನಮ್ಮ ಊರುಗಳ ಕಾಲನಿರ್ಣಯಕ್ಕೆ ನೆರವಾದವು. ಎಲ್ಲಿ ಸಿಕ್ಕಿತು ಎಂಬುದು ತಿಳಿದಿದ್ದರೆ ನಾಣ್ಯ ಸಾಕ್ಷಿ. ತಿಳಿಯದಿದ್ದರೆ ಬರಿಯ ಲೋಹ. ಕಾಕಾ ಡಬ್ಬಿಯೊಳಗೆ ಒಂದು ಚೀಟಿ ಇಟ್ಟಿದ್ದರೆ, ಈ ಬೆಳ್ಳಿಯದನ್ನು ಇಂಥ ವರ್ಷ ಇಂಥವನಿಂದ ಪಡೆದೆ ಎಂದು ನಾಲ್ಕು ಸಾಲು ಬರೆದಿದ್ದರೆ, ನನ್ನ ಊಹೆಯ ಅಗತ್ಯವೇ ಇರುತ್ತಿರಲಿಲ್ಲ. ಲಕ್ಷದ ಸುದ್ದಿಯೂ ಹುಟ್ಟುತ್ತಿರಲಿಲ್ಲ.

ರಾಣಿ ರೂಪಾಯಿಯನ್ನು ನಾವು ಮಾರಲಿಲ್ಲ. ಅಣ್ಣ ಅದನ್ನು ಡಬ್ಬಿಯಲ್ಲಿ ತಾನೇ ಇಟ್ಟ. ಹತ್ತೊಂಬತ್ತಕ್ಕೂ ಒಂದೊಂದು ಕಾಗದದ ಲಕೋಟೆ ಮಾಡಿ, ಹೆಸರು, ತೂಕ, ಕಾಲ, ಬಂದ ಬಗೆಯನ್ನು ಬರೆದೆ. ಥಾಲರಿನ ಲಕೋಟೆಯ ಮೇಲೆ ಇನ್ನೊಂದು ಸಾಲನ್ನು ಅಣ್ಣ ತನ್ನ ಕೈಯಾರೆ ಸೇರಿಸಿದ: "ಎರಡು ತೊಲಿ ಬೆಳ್ಳಿ. ಇಬ್ಬರದೂ." ಡಬ್ಬಿ ಈಗ ಒಂದು ವರ್ಷ ಅವರ ಮನೆಯಲ್ಲಿ, ಒಂದು ವರ್ಷ ನಮ್ಮಲ್ಲಿ ಇರುತ್ತದೆ, ದಸರೆಯ ದಿನ ಕೈ ಬದಲಾಗುತ್ತದೆ.

ನಿಮ್ಮ ಮನೆಯ ಡಬ್ಬಿಗಳನ್ನೂ ತೆರೆದು ನೋಡಿ. ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಬೆಲೆಯನ್ನು ಆಮೇಲೆ ವಿಚಾರಿಸಿದರಾಯಿತು.